ದೊಡ್ಡಪತ್ರೆ ತಿಂದ ಕೋಳಿಗಳು

ನಮ್ಮೂರಿನಲ್ಲಿ ಕೋಳಿ ಏನು ತಿನ್ನುತ್ತದೋ ಮೊಟ್ಟೆಯ ಚಿಪ್ಪಿಗೆ ಅದರ ಬಣ್ಣ ಬರುತ್ತದೆ. ಚೆಂಡುಹೂವು ತಿಂದರೆ ಹಳದಿ, ಕೆಂಪು ಹರಿವೆ ತಿಂದರೆ ನಸುಗೆಂಪು, ಬರೀ ಜೋಳದ ನುಚ್ಚು ತಿಂದು ಮಲಗಿದರೆ ಕೆನೆಯ ಬಣ್ಣ. ಬೇರೆ ಊರಿನಿಂದ ಮದುವೆಯಾಗಿ ಬಂದ ಹೆಣ್ಣುಮಕ್ಕಳು ಮೊದಮೊದಲು ಬೆಚ್ಚಿಬೀಳುತ್ತಾರೆ. ಆಮೇಲೆ ಅವರೂ ಪಕ್ಕದ ಮನೆಯ ಮೊಟ್ಟೆ ನೋಡಿ ಆ ಮನೆಯಲ್ಲಿ ನಿನ್ನೆ ಯಾವ ಸೊಪ್ಪು ಬಿಡಿಸಿದರು ಎಂದು ಹೇಳುವುದನ್ನು ಕಲಿತುಬಿಡುತ್ತಾರೆ. ನಾನೂ ಹಾಗೆಯೇ ಬಂದವಳು. ನನ್ನ ಅತ್ತೆ ನನಗೆ ಮೊದಲು ಕಲಿಸಿದ್ದು ಅಡುಗೆಯನ್ನಲ್ಲ, ಮೊಟ್ಟೆ ಓದುವುದನ್ನು. ಯಾರ ಕೋಳಿ ಯಾರ ಮೆಣಸಿನ ಪಾತಿಗೆ ನುಗ್ಗಿತು ಎಂಬ ಜಗಳ ಅರಳಿಕಟ್ಟೆಗೆ ಬಂದರೆ ಹಿರಿಯರು ಯಾರ ಮಾತನ್ನೂ ಕೇಳುತ್ತಿರಲಿಲ್ಲ. "ನಾಳೆ ಬೆಳಗಿನ ಮೊಟ್ಟೆ ತಗೊಂಡ್ಬನ್ನಿ" ಎಂದು ಎದ್ದು ಹೋಗುತ್ತಿದ್ದರು. ಒಮ್ಮೆ ಪೂಜಾರಿಯ ಕುಂಕುಮದ ಭರಣಿ ಜಗಲಿಯಿಂದ ಉರುಳಿ ಬಿದ್ದು, ಆ ಬೀದಿಯವರೆಲ್ಲ ಒಂದು ವಾರ ರಕ್ತಗೆಂಪಿನ ಮೊಟ್ಟೆಯನ್ನೇ ಒಡೆದು ತಿಂದರು.

ನನ್ನ ಹೆಸರು ಪುಟ್ಟತಾಯಮ್ಮ. ಕರೆಯುವವರು ತಾಯಮ್ಮ ಎನ್ನುತ್ತಾರೆ. ನನ್ನ ಗಂಡ ಚೆಲುವಯ್ಯನೂ ನಾನೂ ಊರಿನ ಕೊನೆಯಲ್ಲಿ ಎರಡು ಕೋಳಿ ಶೆಡ್ಡು ನಡೆಸುತ್ತೇವೆ. ನಾನು ಬಂದ ಕಾಲಕ್ಕೆ ಹಿತ್ತಿಲ ಕೋಳಿಗಳ ದಿನ ಮುಗಿಯುತ್ತಾ ಬಂದಿತ್ತು. ಸಾಲು ಸಾಲು ಶೆಡ್ಡುಗಳು ಎದ್ದವು. ಒಂದೊಂದರಲ್ಲಿ ಸಾವಿರಗಟ್ಟಲೆ ಕೋಳಿ, ರೆಕ್ಕೆ ಬಿಚ್ಚಲು ಜಾಗವಿಲ್ಲದಷ್ಟು ಒತ್ತೊತ್ತಾಗಿ. ಮಳೆಗಾಲ ಹಿಡಿದರೆ ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಒದ್ದೆಯಾಗಿ ರಕ್ತಭೇದಿ ಶುರುವಾಗುತ್ತಿತ್ತು. ಬೆಳಿಗ್ಗೆ ಬಾಗಿಲು ತೆಗೆದರೆ ಕಾಲು ಚಾಚಿ ಬಿದ್ದ ಕೋಳಿಗಳನ್ನು ಮೊದಲು ಗುಡಿಸಿ ಆಮೇಲೆ ಮೇವು ಹಾಕಬೇಕು. ಆಗ ಬಂದದ್ದು ಆಂಟಿಬಯೋಟಿಕ್ ಪುಡಿ. ಕಾಯಿಲೆ ಬಂದ ಕೋಳಿಗಲ್ಲ, ಎಲ್ಲ ಕೋಳಿಗೂ, ದಿನವೂ, ಮೇವಿನಲ್ಲೇ ಬೆರೆಸಿ ಹಾಕುವುದು. ಹಾಕಿದ ಮೇಲೆ ಸಾವು ನಿಂತಿತು. ಕೋಳಿಗಳು ಬೇಗ ಬೇಗ ಮೈ ತುಂಬಿಕೊಂಡವು. ಊರಿಗೆ ಊರೇ ನಿಟ್ಟುಸಿರು ಬಿಟ್ಟಿತು. ಪುಡಿ ಹಾಲಿನಷ್ಟು ಬೆಳ್ಳಗಿತ್ತು. ಮೊಟ್ಟೆಗಳು ಮಾತ್ರ ಬೂದಿಯ ಬಣ್ಣಕ್ಕೆ ತಿರುಗಿದವು.

ಅದಕ್ಕೂ ಜನ ಹೊಂದಿಕೊಂಡರು. ಬೂದಿಮೊಟ್ಟೆ ಎಂಬ ಹೆಸರು ಬಿತ್ತು. ಹೋಟೆಲಿನವರು ಅಡುಗೆಮನೆಯ ಹಿಂದೆಯೇ ಚಿಪ್ಪು ಸುಲಿದು ತಂದಿಡತೊಡಗಿದರು. ಬಾಣಂತಿಗೆ ಕೊಡುವ ಮೊಟ್ಟೆಗೆ ಸುಣ್ಣ ಬಳಿದು ಕೊಡುವ ಪದ್ಧತಿ ಹುಟ್ಟಿತು. ಶಾಲೆಯಲ್ಲಿ ಮೇಷ್ಟ್ರು ಮೊಟ್ಟೆಯ ಚಿತ್ರ ಬರೆಯಿರಿ ಎಂದರೆ ಮಕ್ಕಳು ಬಣ್ಣ ತುಂಬಲು ಪೆನ್ಸಿಲ್ಲನ್ನೇ ಎತ್ತಿಕೊಳ್ಳುತ್ತಿದ್ದರು. ಕೆನೆಬಣ್ಣದ ಮೊಟ್ಟೆ ನೋಡಿದ ನೆನಪೇ ಇಲ್ಲದ ಒಂದು ತಲೆಮಾರು ನಮ್ಮ ಕಣ್ಣೆದುರೇ ಬೆಳೆದು ನಿಂತಿತು. ಯಾರೂ ಅದರ ಬಗ್ಗೆ ಹೆಚ್ಚು ಮಾತಾಡುತ್ತಿರಲಿಲ್ಲ. ಮಾತಾಡಿ ಏನು ಮಾಡುವುದು, ಪುಡಿ ಬಿಟ್ಟರೆ ಕೋಳಿ ಸಾಯುತ್ತವೆ ಎಂದು ಎಲ್ಲರಿಗೂ ಗೊತ್ತಿತ್ತು.

ಹೀಗಿರುವಾಗ ಒಂದು ದಿನ ನನ್ನ ಗಂಡ ಶೆಡ್ಡಿನ ಜಾಲರಿ ಬಿಗಿಯುವಾಗ ಅಂಗೈಗೆ ತಂತಿ ಚುಚ್ಚಿಸಿಕೊಂಡರು. ಸಣ್ಣ ಗಾಯ. ಅರಿಶಿನ ಒತ್ತಿ ಬಟ್ಟೆ ಸುತ್ತಿದೆ. ಎರಡು ದಿನದಲ್ಲಿ ಕೈ ಕುಂಬಳಕಾಯಿಯ ಹಾಗೆ ಊದಿತು. ಅಂಗಡಿಯ ಮಾತ್ರೆ ನುಂಗಿದರು, ಜ್ವರ ಏರಿತು. ನಮ್ಮೂರ ಆಸ್ಪತ್ರೆಯಲ್ಲಿ ಸೂಜಿ ಹಾಕಿದರು, ಕೆಂಪು ಗೆರೆ ಮೊಣಕೈವರೆಗೆ ಹತ್ತಿತು. ಬೇರೆ ಔಷಧಿ ಕೊಟ್ಟರು, ಅದೂ ನಾಟಲಿಲ್ಲ. ಕೊನೆಗೆ ಘಟ್ಟದಾಚೆಯ ದೊಡ್ಡಾಸ್ಪತ್ರೆಗೆ ಕರೆದೊಯ್ದೆ. ಅಲ್ಲಿನ ವಯಸ್ಸಾದ ಡಾಕ್ಟರು ಕೀವಿನ ಪರೀಕ್ಷೆ ಮಾಡಿಸಿ, ನನ್ನನ್ನು ಒಳಗೆ ಕರೆದರು.

"ಕೋಳಿ ಫಾರಂ ಇದೆಯೇನಮ್ಮ ನಿಮ್ಮದು?"

"ಹೌದು ಸಾರ್."

"ಮೇವಿಗೆ ಏನು ಬೆರೆಸ್ತೀರಿ?"

ನಾನು ಪುಡಿಯ ಹೆಸರು ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಯಜಮಾನರ ಕೈಯಲ್ಲಿರೋ ಕ್ರಿಮಿ ನಿಮ್ಮ ಶೆಡ್ಡಲ್ಲೇ ಬೆಳೆದದ್ದು. ದಿನಾ ಆ ಔಷಧೀನ ನೋಡಿ ನೋಡಿ ಅದಕ್ಕೆ ಹೆದರಿಕೆನೇ ಹೋಗಿದೆ. ಅದೇ ಜಾತಿಯ ಔಷಧಿ ನಾವು ಕೊಟ್ರೂ ಅದಕ್ಕೆ ಲೆಕ್ಕಕ್ಕಿಲ್ಲ. ಇನ್ನೊಂದೇ ಒಂದು ಔಷಧಿ ಉಳಿದಿದೆ. ಅದು ಹಿಡೀಲಿ ಅಂತ ನೀವೂ ಬೇಡ್ಕೊಳ್ಳಿ, ನಾನೂ ಬೇಡ್ಕೋತೀನಿ."

ಹಿಡಿಯಿತು. ಕಿರುಬೆರಳು ಹೋಯಿತು, ಜೀವ ಉಳಿಯಿತು. ಮನೆಗೆ ಬಂದವಳೇ ನಾನು ಪುಡಿಯ ಚೀಲಗಳನ್ನು ಎಳೆದು ಉಗ್ರಾಣಕ್ಕೆ ಹಾಕಿ ಬೀಗ ಜಡಿದೆ. ಗಂಡ ಬ್ಯಾಂಡೇಜು ಸುತ್ತಿದ ಕೈಯನ್ನು ಎದೆಗೆ ಒತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು.

"ಕೋಳಿ ಸಾಯ್ತವೆ ಕಣೆ" ಎಂದರು.

"ನೀವು ಸಾಯ್ತಿದ್ರಲ್ಲ" ಎಂದೆ.

ಅವರು ಹೇಳಿದ್ದೇ ಆಯಿತು. ಎರಡು ಶೆಡ್ಡಿನಲ್ಲೂ ಒಮ್ಮೆಲೇ ಪುಡಿ ನಿಲ್ಲಿಸಿದ್ದಕ್ಕೆ, ಮಳೆಯೇ ಇಲ್ಲದ ಕಾಲದಲ್ಲಿ ಭೇದಿ ಹತ್ತಿಕೊಂಡಿತು. ಗಂಡ ಒಂದೇ ಕೈಯಲ್ಲಿ ಗುಂಡಿ ತೋಡಿದರು, ನಾನು ಬುಟ್ಟಿಯಲ್ಲಿ ಹೊತ್ತು ಸುರಿದೆ. ಅಳು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಹೋಗಿ ಪಶುವೈದ್ಯೆ ವಸುಮತಿಯವರ ಮುಂದೆ ಕೂತೆ. ಅವರು ನಮ್ಮೂರಿಗೆ ಬಂದು ಹೆಚ್ಚು ಕಾಲ ಆಗಿರಲಿಲ್ಲ. ವಯಸ್ಸು ಚಿಕ್ಕದು, ಮಾತು ನೇರ. ನಾನು ನಡೆದದ್ದೆಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡರೆ ಟೀ ತರಿಸಿದರು.

"ತಾಯಮ್ಮ, ಕಾವಲುಗಾರ ಸರಿಯಿಲ್ಲ ಅಂತ ಕಳಿಸಿಬಿಟ್ರಿ. ಸರಿ. ಆದ್ರೆ ಬಾಗಿಲು ತೆಗೆದಿಟ್ಟೇ ಕಳಿಸಿದ್ರಲ್ಲ. ಇನ್ನೊಬ್ಬನ್ನ ನಿಲ್ಲಿಸ್ಬೇಕಿತ್ತಲ್ವಾ?"

"ಯಾರನ್ನ ನಿಲ್ಲಿಸ್ಲಿ ಮೇಡಂ?"

"ಗಿಡಗಳನ್ನ" ಎಂದರು. ಕೆಲವು ಗಿಡಗಳ ಎಣ್ಣೆ, ಸಾರ ಮೇವಿಗೆ ಸೇರಿಸಿದರೆ ಕರುಳಿನ ಕೆಟ್ಟ ಕ್ರಿಮಿಗಳು ತಗ್ಗುತ್ತವೆ ಎಂದು ಹಲವು ಕಡೆ ಪ್ರಯೋಗ ನಡೆದಿದೆಯಂತೆ. ಬೆಳ್ಳುಳ್ಳಿ, ಚಕ್ಕೆ, ಅರಿಶಿನ, ಮತ್ತೆ ಪರದೇಶದ ಒಂದು ಖಾರದ ಸೊಪ್ಪು. "ಅದರ ವಾಸನೆ ನಮ್ಮ ದೊಡ್ಡಪತ್ರೆಗೂ ಇದೆ. ಆದ್ರೆ ಮೊದಲೇ ಹೇಳ್ತೀನಿ, ಎಲ್ಲ ಕಡೆ ಒಂದೇ ಥರ ಫಲ ಬಂದಿಲ್ಲ. ಗಿಡ ಯಾವ ಮಣ್ಣಲ್ಲಿ ಬೆಳೀತು, ಯಾವ ಕಾಲದಲ್ಲಿ ಕಿತ್ರಿ, ಸಾರ ಹೇಗೆ ತೆಗೆದ್ರಿ, ಎಲ್ಲದರ ಮೇಲೂ ಹೋಗುತ್ತೆ. ಒಂದು ಶೆಡ್ಡಿಗೆ ಪುಡಿ ಹಾಕ್ತಾ ಇರಿ, ಇನ್ನೊಂದರಲ್ಲಿ ಗಿಡ ಹಾಕಿ. ಪಕ್ಕಪಕ್ಕದಲ್ಲಿಟ್ಟು ನೋಡದೆ ಗೆದ್ದೆವೋ ಸೋತೆವೋ ಗೊತ್ತಾಗಲ್ಲ."

ಪುಡಿಯ ಬೀಗ ಮತ್ತೆ ತೆಗೆಯುವುದು ನನಗೆ ಕಷ್ಟವಾಯಿತು. ಆದರೆ ಅವರ ಮಾತು ಸರಿಯಿತ್ತು.

ಮೊದಲು ಬೇವು ತಂದೆ. ಎಲೆ ಒಣಗಿಸಿ ಕುಟ್ಟಿ ಹಾಕಿದೆ. ಕೋಳಿಗಳು ಮೇವಿನ ತೊಟ್ಟಿಗೆ ಕೊಕ್ಕು ಹಾಕಿ, ತಲೆ ಕೊಡವಿ, ನನ್ನ ಕಡೆ ನೋಡಿದವು. ಆ ನೋಟ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಅತ್ತೆಮನೆಗೆ ಬಂದ ಹೊಸತರಲ್ಲಿ ನಾನು ಮಾಡಿದ ಸಾರು ತಿಂದು ನನ್ನ ಮಾವ ಹಾಗೇ ನೋಡಿದ್ದರು. ಬೆಳ್ಳುಳ್ಳಿ ಹಾಕಿದಾಗ ತಿಂದವು. ಭೇದಿಯೂ ಸ್ವಲ್ಪ ತಗ್ಗಿತು. ಆದರೆ ಮೊಟ್ಟೆ ಒಡೆದರೆ ಮನೆಯೆಲ್ಲ ಬೆಳ್ಳುಳ್ಳಿ ಒಗ್ಗರಣೆಯ ಘಮ. ಹೋಟೆಲಿನವರು ಆಮ್ಲೆಟ್ಟಿಗೆ ಬಹಳ ಒಳ್ಳೆಯದು ಎಂದು ಟ್ರೇಗಟ್ಟಲೆ ಕೊಂಡರು. ಕೇಕು ಮಾಡುವ ಬೇಕರಿಯವರು ನನ್ನ ಗಂಡನನ್ನು ಬೀದಿಯಲ್ಲಿ ನಿಲ್ಲಿಸಿ ಬೈದರು.

ದೊಡ್ಡಪತ್ರೆ ಎಲೆಯನ್ನೇ ಕೊಚ್ಚಿ ಹಾಕಿದರೆ ಒಂದು ದಿನ ಒಂದು ಥರ, ಇನ್ನೊಂದು ದಿನ ಇನ್ನೊಂದು ಥರ. ಎಣ್ಣೆಯನ್ನೇ ತೆಗೆಯಬೇಕು ಎಂದರು ವಸುಮತಿ. ಹಾಗೆ ನಾನು ಜುಬೇದಕ್ಕನ ಭಟ್ಟಿಗೆ ಹೋದದ್ದು. ಕೆರೆಯ ಏರಿಯ ಕೆಳಗೆ ತಾಮ್ರದ ದೊಡ್ಡ ಹಂಡೆ ಇಟ್ಟುಕೊಂಡು ನಿಂಬೆಹುಲ್ಲಿನ ಎಣ್ಣೆ, ಪನ್ನೀರು ಇಳಿಸುವವಳು ಅವಳು. ಗಂಡ ಹೋದ ಮೇಲೆ ಭಟ್ಟಿಯನ್ನು ಒಬ್ಬಳೇ ನಡೆಸುತ್ತಿದ್ದಳು. ಮೂಗು ಎಂಥದ್ದೆಂದರೆ, ನೀವು ಬಾಗಿಲಿಗೆ ಬರುವ ಮೊದಲೇ ಬೆಳಿಗ್ಗೆ ಏನು ತಿಂದಿರಿ ಎಂದು ಹೇಳುತ್ತಿದ್ದಳು.

"ಕೋಳಿಗೆ ಅತ್ತರು ಕುಡಿಸ್ತೀಯೇನೇ?" ಎಂದು ಹೊಟ್ಟೆ ಹಿಡಿದು ನಕ್ಕಳು. ನಾನು ಗಂಡನ ಕೈಯ ವಿಷಯ ಹೇಳಿದೆ. ನಗು ನಿಂತಿತು. ಎಲೆಅಡಿಕೆ ಉಗಿದು ಬಂದು, "ಸೊಪ್ಪು ಎಷ್ಟು ತರ್ತೀಯ?" ಎಂದಳು.

ಊರಿನ ಹೆಂಗಸರ ಹಿತ್ತಿಲುಗಳಿಂದ ದೊಡ್ಡಪತ್ರೆ ಕೊಯ್ದು ತಂದೆ. ಕೆಮ್ಮಿಗೆ ನಾಲ್ಕು ಎಲೆ ಕೇಳುವವರನ್ನು ಕಂಡವರು ನನ್ನ ಗೋಣಿಚೀಲ ನೋಡಿ ಊರಿಗೆಲ್ಲ ಕೆಮ್ಮು ಬಂದಿದೆಯೇ ಎಂದರು. ಹಂಡೆ ತುಂಬ ಸೊಪ್ಪು ಬೇಯಿಸಿದರೆ ಸಿಕ್ಕಿದ್ದು ಒಂದು ಸಣ್ಣ ಸೀಸೆ ಎಣ್ಣೆ. ಮುಚ್ಚಳ ತೆಗೆದರೆ ಮೂಗಿನಿಂದ ನೆತ್ತಿಗೇರುವ ಘಾಟು. ಮೊದಲ ಸಲ ಜಾಸ್ತಿ ಹಾಕಿದ್ದಕ್ಕೆ ಶೆಡ್ಡಿನ ಅಷ್ಟೂ ಕೋಳಿಗಳು ಸೀನಿದವು. ಸಾವಿರಾರು ಕೋಳಿ ಒಟ್ಟಿಗೆ ಸೀನುವ ಸದ್ದನ್ನು ನೀವು ಕೇಳಿರಲಾರಿರಿ. ಎರಡನೇ ಸಲ ಅಳತೆ ಇಳಿಸಿದೆ. ಸೀನಲಿಲ್ಲ, ಆದರೆ ಗುಣವೂ ಕಾಣಲಿಲ್ಲ. ಹಿಕ್ಕೆ ನೀರು ನೀರಾಗಿಯೇ ಇತ್ತು. ಚಿಪ್ಪಿಗೆ ಬಣ್ಣವೂ ಏರಲಿಲ್ಲ. ಎಣ್ಣೆ ಕೋಳಿಯ ಹೊಟ್ಟೆಯಲ್ಲಿ ಕೆಲಸ ಮಾಡಿದ ಗುರುತೇ ಇಲ್ಲ.

ಜುಬೇದಕ್ಕನನ್ನೇ ಶೆಡ್ಡಿಗೆ ಕರೆತಂದೆ. ಅವಳು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮಂಡಿಯೂರಿ, ಮೇವಿನ ತೊಟ್ಟಿಗೆ ಮೂಗು ಹಿಡಿದಳು. ಕೋಳಿಗಳು ಅವಳ ಕಿವಿಯ ಓಲೆಯನ್ನು ಕುಕ್ಕಿದವು.

"ಇದನ್ನ ಯಾವಾಗ ಬೆರೆಸಿದ್ದು?"

"ಬೆಳಿಗ್ಗೆ."

"ಇದ್ರಲ್ಲಿ ಈಗ ಏನೂ ಇಲ್ಲ ಕಣೆ. ನಿನ್ನ ಕೋಳಿ ತಿನ್ನೋ ಮುಂಚೆ ಗಾಳಿ ತಿಂದ್ಕೊಂಡು ಹೋಗಿದೆ. ಎಣ್ಣೆ ಅಂದ್ರೆ ಹಕ್ಕಿ ಇದ್ದಂಗೆ, ಪಂಜರ ಬೇಕು ಅದಕ್ಕೆ."

ಆ ಪಂಜರ ಕಟ್ಟಲು ನಮಗೆ ಇಡೀ ಬೇಸಿಗೆ ಹಿಡಿಯಿತು. ಅವಳು ಅತ್ತರಿನ ಉಂಡೆ ಕಟ್ಟುವ ವಿದ್ಯೆಯನ್ನು ತೆಗೆದಳು. ಜೇನುಮೇಣ ಕರಗಿಸಿ, ಗಟ್ಟಿ ಕೊಬ್ಬು ಸೇರಿಸಿ, ಅದರೊಳಗೆ ಎಣ್ಣೆ ಹನಿಸಿ, ತೌಡಿನಲ್ಲಿ ಹೊರಳಿಸಿ, ಸಾಸಿವೆಯಷ್ಟು ಗುಳಿಗೆ ಮಾಡುವುದು. ಮೇಣ ಹೆಚ್ಚಾದರೆ ಗುಳಿಗೆ ಹಾಗೇ ಹಿಕ್ಕೆಯಲ್ಲಿ ಹೊರಬರುತ್ತಿತ್ತು. ಕಡಿಮೆಯಾದರೆ ಶೆಡ್ಡಿನ ಸೆಕೆಗೇ ಕರಗುತ್ತಿತ್ತು. ಸತ್ತ ಕೋಳಿಗಳ ಕರುಳನ್ನು ವಸುಮತಿಯವರು ಕೊಯ್ದು ಗುಳಿಗೆ ಎಲ್ಲಿಯವರೆಗೆ ಹೋಗಿ ಒಡೆದಿದೆ ಎಂದು ನೋಡಿ ಹೇಳುತ್ತಿದ್ದರು. ಅರಿಶಿನದ ಸಾರ, ಸ್ವಲ್ಪ ಬೆಳ್ಳುಳ್ಳಿ, ಚಕ್ಕೆಯ ಎಣ್ಣೆ ಒಂದು ತೊಟ್ಟು, ಎಲ್ಲ ಅವರ ಅಳತೆ. ಅಷ್ಟಕ್ಕೇ ಬಿಡಲಿಲ್ಲ. "ಗಿಡ ಒಂದೇ ಎಲ್ಲ ಮಾಡಲ್ಲ" ಎಂದು ನನ್ನ ಕೈಯಲ್ಲಿ ದಿನವೂ ಹೊಟ್ಟು ಕೆದಕಿಸಿ ಒಣಗಿಸಿದರು, ನೀರಿನ ಪೈಪು ತೊಳೆಸಿದರು, ಕೋಳಿಯ ಸಂಖ್ಯೆ ಇಳಿಸಿದರು. ಒಂದು ಬೆಳಿಗ್ಗೆ ಒಂದು ಮೊಟ್ಟೆಯ ದಪ್ಪ ತುದಿಯ ಕಡೆ, ಬೂದಿಯ ನಡುವೆ, ಉಗುರಗಲದ ಕಂದು ಮಚ್ಚೆ ಕಂಡಿತು. ನಾನು ಅದನ್ನು ಮಡಿಲಲ್ಲಿಟ್ಟುಕೊಂಡು ಭಟ್ಟಿಯವರೆಗೆ ಓಡಿದೆ. ಜುಬೇದಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿ, ಹಂಡೆಗೆ ಇನ್ನೊಂದು ಹೊರೆ ಸೊಪ್ಪು ತುಂಬಿದಳು.

ಸುದ್ದಿ ಕೋಳಿ ಸಾಕುವವರ ಸಂಘಕ್ಕೆ ಹೋಗದೆ ಇರುತ್ತದೆಯೇ. ಮಳೆಗೆ ಮುಂಚೆ ನನ್ನನ್ನು ಸಭೆಗೆ ಕರೆಸಿದರು. ಅಧ್ಯಕ್ಷರು ಚಿಕ್ಕೀರಪ್ಪ. ಊರಿನ ಅತಿ ದೊಡ್ಡ ಫಾರಂ ಅವರದ್ದು, ನಮ್ಮ ಶೆಡ್ಡಿನಿಂದ ಕೂಗಿದರೆ ಕೇಳುವಷ್ಟು ಹತ್ತಿರ.

"ನೋಡವ್ವ ತಾಯಮ್ಮ, ನಿನ್ನ ಗಂಡಂಗೆ ಆದದ್ದಕ್ಕೆ ನಮಗೂ ಸಂಕಟ ಐತೆ" ಎಂದು ಶುರುಮಾಡಿದರು. "ಆದ್ರೆ ನೀನು ಪುಡಿ ಬಿಟ್ಟು ಸೊಪ್ಪು ಸದೆ ಹಾಕ್ಕೊಂಡು ಕುಂತ್ರೆ, ನಿನ್ನ ಶೆಡ್ಡಲ್ಲಿ ಕಾಯಿಲೆ ಎದ್ದು ನಮ್ಮ ಶೆಡ್ಡಿಗೆ ಬರ್ತದೆ. ಪುಡಿ ಇಲ್ದಿದ್ದ ಕಾಲ ನಿಂಗೆ ಮರ್ತೋಗೈತೆ. ನಮ್ಮಪ್ಪ ಒಂದು ಮಳೆಗಾಲದಲ್ಲಿ ಇಡೀ ಶೆಡ್ಡಿನ ಕೋಳಿ ಗುಂಡಿಗಾಕಿ ಮಣ್ಣು ಮುಚ್ಚಿದ್ನ ನಾನು ಕಣ್ಣಾರೆ ನೋಡಿವ್ನಿ. ಅವತ್ತು ಮಲಗಿದೋರು ಮತ್ತೆ ಸರಿಯಾಗಿ ಎದ್ದು ಓಡಾಡ್ಲಿಲ್ಲ."

ಅವರ ದನಿ ಒಡೆಯಿತು. ಇದು ಬರೀ ಗತ್ತಿನ ಮಾತಲ್ಲ, ಹೆದರಿಕೆಯ ಮಾತು ಎಂದು ಆಗ ನನಗೆ ಅರ್ಥವಾಯಿತು. ಜಗಳಕ್ಕೆಂದು ತಯಾರಾಗಿ ಹೋದವಳ ಬಾಯಲ್ಲಿ ಬೇರೆಯೇ ಮಾತು ಬಂತು.

"ಚಿಕ್ಕೀರಣ್ಣ, ಈ ಮಳೆಗಾಲ ಒಂದು ಬಿಡಿ. ನನ್ನ ಗಿಡದ ಶೆಡ್ಡಲ್ಲಿ ಮೊದಲು ಕಾಯಿಲೆ ಎದ್ರೆ ನಾನೇ ಅಷ್ಟನ್ನೂ ಗುಂಡಿಗೆ ಹಾಕಿ ಫಾರಂ ಮುಚ್ಚಿ ಹೋಗ್ತೀನಿ. ಏಳದಿದ್ರೆ, ನೀವು ಬಂದು ಒಳಗೆ ಕಾಲಿಟ್ಟು ನೋಡ್ಬೇಕು. ಅಷ್ಟೇ ನಾನು ಕೇಳೋದು."

ಸಭೆ ಗುಸುಗುಸು ಎಂದಿತು. ಹಿಂದೆ ಕೂತಿದ್ದ ನನ್ನ ಗಂಡ ಕೆಮ್ಮಿದರು. ಅವರು ಹೆದರಿದಾಗ ಕೆಮ್ಮುತ್ತಾರೆ. ಚಿಕ್ಕೀರಪ್ಪ "ಆಯ್ತು" ಎಂದರು.

ಆ ವರ್ಷ ಮಳೆ ಹಿಡಿದದ್ದು ಬಿಡಲೇ ಇಲ್ಲ. ಗೋಡೆಗಳು ಬೆವತವು, ಬೆಂಕಿಕಡ್ಡಿ ಹತ್ತುತ್ತಿರಲಿಲ್ಲ. ಒಣ ಹೊಟ್ಟಿಗಾಗಿ ಗಂಡ ಮಿಲ್ಲಿನಿಂದ ಮಿಲ್ಲಿಗೆ ಅಲೆದರು. ಕಾಯಿಲೆ ಎದ್ದಿತು. ಎದ್ದದ್ದು ಚಿಕ್ಕೀರಪ್ಪನವರ ಫಾರಂನಲ್ಲಿ. ಅವರು ಪುಡಿಯನ್ನು ಇಮ್ಮಡಿ ಮಾಡಿದರು. ಮೊಟ್ಟೆಗಳು ಕಾಡಿಗೆಯ ಬಣ್ಣಕ್ಕೆ ತಿರುಗಿದವು, ಸಾವು ಮಾತ್ರ ನಿಲ್ಲಲಿಲ್ಲ. ದೊಡ್ಡಾಸ್ಪತ್ರೆಯ ಡಾಕ್ಟರು ಹೇಳಿದ ಕ್ರಿಮಿ ಈಗ ಕೋಳಿಯ ಹೊಟ್ಟೆಯಲ್ಲೂ ಹೆದರಿಕೆ ಬಿಟ್ಟಿತ್ತು. ಒಂದರ ಹಿಂದೆ ಒಂದು ಫಾರಂ ಬಿತ್ತು. ಆಮೇಲೆ ನಮ್ಮ ಪುಡಿಯ ಶೆಡ್ಡು. ಬೆಳಿಗ್ಗೆ ಬಾಗಿಲು ತೆಗೆದರೆ ಮತ್ತೆ ಅದೇ ಹಳೆಯ ನೋಟ, ಚಾಚಿದ ಕಾಲುಗಳು.

ನಾನು ಗಿಡದ ಶೆಡ್ಡಿನ ಬಾಗಿಲು ತೆಗೆಯಲು ಹೆದರಿದೆ. ತೆಗೆದೆ. ಮೂಲೆಯಲ್ಲಿ ಒಂದಷ್ಟು ಕೋಳಿಗಳು ಪುಕ್ಕ ಕೆದರಿ, ಕಣ್ಣು ಮುಚ್ಚಿ, ಒಂದಕ್ಕೊಂದು ಒರಗಿ ಕೂತಿದ್ದವು. ಕೆಳಗಿನ ಹೊಟ್ಟಿನಲ್ಲಿ ರಕ್ತದ ಕಲೆ.

ತಿರುಗಿದರೆ ಗಂಡ ಬಾಗಿಲಲ್ಲಿ, ಕೈಯಲ್ಲಿ ಪುಡಿಯ ಡಬ್ಬ.

"ಒಂದು ಹಿಡಿ ಹಾಕೋಣ ಕಣೆ. ಯಾರಿಗೂ ಹೇಳೋದ್ ಬೇಡ."

"ಮೊಟ್ಟೆ ಹೇಳತ್ತಲ್ಲ ರೀ."

"ಹೇಳ್ಲಿ ಬಿಡು. ಬದುಕಿದ್ರೆ ತಾನೆ ಮೊಟ್ಟೆ. ಫಾರಂ ಮುಚ್ಚಿದ್ರೆ ಏನು ಮಾಡ್ತೀಯ, ನನ್ನ ಈ ಕೈ ಇಟ್ಕೊಂಡು ಯಾರು ಕೆಲಸ ಕೊಡ್ತಾರೆ?"

ಹಾಗೆ ಅವರು ಅಂದದ್ದು ಅದೇ ಮೊದಲು. ಡಬ್ಬ ಇಸಿದುಕೊಂಡೆ. ಮುಚ್ಚಳವನ್ನೂ ತೆಗೆದೆ. ಪುಡಿ ಹಾಕಿಯೇಬಿಡುತ್ತಿದ್ದೆನೋ ಏನೋ. ಆದರೆ ಅಷ್ಟರಲ್ಲಿ ತೊಟ್ಟಿಯ ಹತ್ತಿರ ಗಲಾಟೆ ಕೇಳಿಸಿತು. ಮೂಲೆಯ ಕೋಳಿಗಳು ಬಿಟ್ಟರೆ ಉಳಿದವೆಲ್ಲ ಮೇವಿಗೆ ನೂಕಾಡುತ್ತಿದ್ದವು. ನಾನು ಪಕ್ಕದ ಪುಡಿಯ ಶೆಡ್ಡಿಗೆ ಹೋಗಿ ನೋಡಿದೆ. ಅಲ್ಲಿ ಮೇವು ಹಾಕಿದ್ದು ಹಾಕಿದ ಹಾಗೇ ಇತ್ತು. ಒಂದು ಕೋಳಿಯೂ ತಲೆ ಎತ್ತಿರಲಿಲ್ಲ. ವಾಪಸು ಬಂದು ಡಬ್ಬದ ಮುಚ್ಚಳ ಹಾಕಿ ಗಂಡನ ಕೈಗೆ ಕೊಟ್ಟೆ.

"ತಿನ್ನೋ ಕೋಳಿ ಸಾಯಲ್ಲ ರೀ. ನೋಡಿ ಹೇಗೆ ಕಿತ್ತಾಡ್ತಿವೆ."

ವಸುಮತಿ ಛತ್ರಿ ಹಿಡಿದು ಬಂದರು. ಮೂಲೆಯ ಕೋಳಿಗಳನ್ನು ಬೇರೆ ಮಾಡಿ, ಅವಕ್ಕೆ ಮಾತ್ರ ಬೇರೆಯೇ ಔಷಧಿ ಕೊಟ್ಟರು. "ಔಷಧಿ ಕಾಯಿಲೆಗೆ, ಊಟಕ್ಕಲ್ಲ" ಎಂದರು. ಒದ್ದೆ ಹೊಟ್ಟು ತೆಗೆಸಿ ಒಣ ಹೊಟ್ಟು ಹಾಸಿಸಿದರು. ಜುಬೇದಕ್ಕ ಹೊಸ ಗುಳಿಗೆಯ ಬುಟ್ಟಿ ತಲೆಯ ಮೇಲಿಟ್ಟುಕೊಂಡು, ಕೆರೆ ಏರಿಯ ಕೆಸರಿನಲ್ಲಿ ಜಾರುತ್ತಾ ಬಂದಳು. ನಾವು ನಾಲ್ವರೂ ಆ ಶೆಡ್ಡಿನಲ್ಲಿ ದಿನವಿಡೀ ಕೋಳಿಗಳ ಹಿಂಭಾಗವನ್ನೇ ನೋಡುತ್ತಾ ನಿಂತೆವು. ಹೇಳಿಕೊಳ್ಳುವಂಥ ಕೆಲಸವಲ್ಲ. ಆದರೆ ಮರುದಿನ ಹಿಕ್ಕೆ ಗಟ್ಟಿಯಾಗಿ, ಕಾಯಿಲೆಯಿಲ್ಲದ ಕೋಳಿಯದರ ಹಾಗೆ ಮೇಲೆ ಬಿಳಿ ಟೋಪಿ ಹಾಕಿಕೊಂಡು ಬಿದ್ದಾಗ, ಜುಬೇದಕ್ಕ ಅದನ್ನು ನೋಡಿ, ಮಗು ಹುಟ್ಟಿದ ಸುದ್ದಿ ಕೇಳಿದವಳ ಹಾಗೆ ಎರಡೂ ಕೈಯೆತ್ತಿ ದೇವರನ್ನು ನೆನೆದಳು.

ಕೆಲವು ಕೋಳಿ ಸತ್ತವು. ಇಲ್ಲ ಎನ್ನುವುದಿಲ್ಲ. ಆದರೆ ಮಳೆ ನಿಲ್ಲುವ ಹೊತ್ತಿಗೆ ಪುಡಿಯ ಶೆಡ್ಡು ಹೆಚ್ಚುಕಡಿಮೆ ಬರಿದಾಗಿತ್ತು, ಗಿಡದ ಶೆಡ್ಡು ತುಂಬಿತ್ತು. ಆ ಶೆಡ್ಡಿನ ಗೂಡುಗಳಲ್ಲಿ ಒಂದು ಬೆಳಿಗ್ಗೆ ಬೂದಿಯ ಒಂದು ಎಳೆಯೂ ಇಲ್ಲದ ಮೊಟ್ಟೆಗಳು ಇದ್ದವು. ಹೊಸ ಬೆಲ್ಲದ ಬಣ್ಣ, ಅದರ ಮೇಲೆ ಎಲೆಹಸಿರಿನ ಸಣ್ಣ ಚುಕ್ಕೆ. ಅಂಥ ಬಣ್ಣವನ್ನು ನನ್ನ ಅತ್ತೆಯೂ ನೋಡಿರಲಿಲ್ಲ. ನನ್ನ ಗಂಡ ಒಂದನ್ನು ಎತ್ತಿಕೊಂಡು, ಕೆನ್ನೆಗೆ ಒತ್ತಿಕೊಂಡು, ಹಾಗೇ ನಿಂತರು. ಕೆಮ್ಮಲಿಲ್ಲ.

ಗಾಡಿಗೆ ಟ್ರೇ ಏರಿಸಿಕೊಂಡು ಹೋದವರು ಅರ್ಧ ಬೀದಿ ದಾಟುವುದರೊಳಗೆ ಖಾಲಿ ಟ್ರೇ ತಂದರು. ಜನ ಕೊಂಡದ್ದಲ್ಲ, ಕಿತ್ತುಕೊಂಡರಂತೆ. ಒಬ್ಬ ಹುಡುಗಿ ಇದು ಮರದ ಆಟಿಕೆ ಎಂದು ನೆಲಕ್ಕೆ ಕುಟ್ಟಿ ನೋಡಿದಳಂತೆ. ಒಬ್ಬಳು ಬಾಣಂತಿ ಸುಣ್ಣ ಬಳಿದ ಮೊಟ್ಟೆಯನ್ನು ವಾಪಸು ಕಳಿಸಿ, ಚೆಲುವಯ್ಯನ ಮೊಟ್ಟೆಯೇ ಬೇಕು ಎಂದು ಹಟ ಹಿಡಿದಳಂತೆ. ಬೇಕರಿಯವನು ಒಡೆದು, ಮೂಸಿ, ಮತ್ತೆ ಮೂಸಿ, ಏನೂ ವಾಸನೆ ಇಲ್ಲವಲ್ಲ ಎಂದು ಪೆಚ್ಚಾಗಿ, ದಿನವೂ ಬೇಕು ಎಂದನಂತೆ.

ಎರಡು ದಿನದ ಮೇಲೆ ಚಿಕ್ಕೀರಪ್ಪ ಬಂದರು. ಹೊರಗಿನ ಸೋಂಕು ಒಳಗೆ ಬರದಿರಲೆಂದು ಬಾಗಿಲಲ್ಲಿಟ್ಟ ಸುಣ್ಣದ ತಟ್ಟೆಯಲ್ಲಿ ಕಾಲು ಅದ್ದಿ ಒಳಗೆ ಕಾಲಿಟ್ಟರು. ಮೊದಲು ಬರಿದಾದ ಶೆಡ್ಡಿಗೆ ಹೋದರು. ಆಮೇಲೆ ತುಂಬಿದ ಶೆಡ್ಡಿಗೆ ಬಂದರು. ಒಂದು ಕೋಳಿಯನ್ನು ಹಿಡಿದು ರೆಕ್ಕೆ ಎತ್ತಿ, ಎದೆಮೂಳೆ ಸವರಿ, ಕಣ್ಣು ನೋಡಿ, ಮೆಲ್ಲಗೆ ಕೆಳಗಿಟ್ಟರು. ಅವರು ಕಸುಬುದಾರರು, ನಾನು ಏನೂ ಹೇಳಬೇಕಾಗಿರಲಿಲ್ಲ.

"ನಮ್ಮಪ್ಪ ಇದನ್ನ ನೋಡ್ಬೇಕಿತ್ತು" ಎಂದರು. ಆಮೇಲೆ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ನಂಗೂ ಒಂದಿಷ್ಟು ಕೊಡ್ತೀಯೇನವ್ವ?"

ನನ್ನ ಹಿಂದೆ ನಿಂತಿದ್ದ ಜುಬೇದಕ್ಕ, "ಸಭೇಲಿ ಸೊಪ್ಪುಸದೆ ಅಂದಿದ್ರಂತಲ್ಲ ಗೌಡ್ರೆ, ಈಗ ಅದೇ ಬೇಕಾ?" ಎಂದಳು. ಅವಳ ಕಾಲು ಮೆಟ್ಟಿದೆ.

"ಕೊಡ್ತೀನಿ ಚಿಕ್ಕೀರಣ್ಣ. ಆದ್ರೆ ಕೋಳಿ ಅಷ್ಟೊಂದು ತುಂಬೋ ಹಂಗಿಲ್ಲ. ಹೊಟ್ಟು ದಿನಾ ಕೆದಕ್ಬೇಕು. ಡಾಕ್ಟ್ರು ಹೇಳಿದ್ದ ಕೇಳ್ಬೇಕು."

"ನಂಗೇ ಪಾಠ ಹೇಳ್ತೀಯ" ಎಂದು ಗೊಣಗಿದರು. ಆದರೆ ಬುಟ್ಟಿ ಹೊತ್ತುಕೊಂಡು ಹೋದದ್ದು ಅವರೇ, ಆಳಿನ ಕೈಗೂ ಕೊಡದೆ.

ಉಳಿದ ಕೋಳಿಗಳನ್ನು ಅವರು ಗಿಡದ ಮೇವಿಗೆ ತಂದರು. ಬೂದಿ ಬಿಡಲು ಕಾಲ ಹಿಡಿಯುತ್ತದೆ. ಅವರಿಗೆ ಆ ತಾಳ್ಮೆ ಇರಲಿಲ್ಲ. ದಿನವೂ ಜಗಲಿಯಿಂದಲೇ ನನ್ನ ಶೆಡ್ಡಿನ ಕಡೆ ತಿರುಗಿ, "ಇನ್ನೂ ಬೂದಿ ಕಣವ್ವೋ" ಎಂದು ಕೂಗುತ್ತಿದ್ದರು. ನಾನು, "ಗುಳಿಗೆ ಹಾಕ್ತಾ ಇರಿ ಅಣ್ಣ, ಇನ್ನೂ ಹಾಕಿ" ಎಂದು ಕೂಗುತ್ತಿದ್ದೆ. ಊರಿನ ಉಳಿದ ಫಾರಂನವರು ಬೇಲಿಯ ಮೇಲೆ ಗಲ್ಲ ಊರಿ ಈ ಕೂಗಾಟ ಕೇಳುತ್ತಿದ್ದರು. ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಎಲ್ಲರೂ ಚಿಕ್ಕೀರಪ್ಪನ ಮೊಟ್ಟೆಗೆ ಕಾಯುತ್ತಿದ್ದರು.

ಅದೊಂದು ಬೆಳಿಗ್ಗೆ ಸಂತೆ ಆಗಷ್ಟೇ ನೆರೆಯುತ್ತಿತ್ತು. ನಾನೂ ಜುಬೇದಕ್ಕನೂ ಮೇಣ ಕೊಳ್ಳಲು ಹೋಗಿದ್ದೆವು. ಬೀದಿಯ ಆ ತುದಿಯಲ್ಲಿ ಗದ್ದಲ. ನೋಡಿದರೆ ಚಿಕ್ಕೀರಪ್ಪ ಓಡಿ ಬರುತ್ತಿದ್ದಾರೆ. ಆ ವಯಸ್ಸಿನಲ್ಲಿ, ಆ ಮೈಯಲ್ಲಿ, ಚಪ್ಪಲಿ ಇಲ್ಲದೆ, ಪಂಚೆಯ ಮಡಿಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. "ಬಿಡ್ತು! ಬೂದಿ ಬಿಡ್ತು!" ಎಂದು ಕೂಗುತ್ತಾ ಸಂತೆಯ ನಡುವೆ ನಿಂತರು. ಮಡಿಲು ಬಿಚ್ಚಿದರು. ಬೆಲ್ಲದ ಬಣ್ಣದ ಮೊಟ್ಟೆಗಳು. ಅವರ ಗುಳಿಗೆಗೆ ಭಟ್ಟಿ ಇಳಿಸಿದ್ದು ಅವರದೇ ಹಿತ್ತಿಲ ಕೆಂಪುಮಣ್ಣಿನ ದೊಡ್ಡಪತ್ರೆ, ಅದಕ್ಕೋ ಏನೋ, ನಮ್ಮವಕ್ಕಿಂತ ಒಂದು ಛಾಯೆ ಕೆಂಪು.

ಜನ ಮುತ್ತಿಕೊಂಡರು. ತರಕಾರಿಯವರು ತಕ್ಕಡಿ ಬಿಟ್ಟು ಬಂದರು. ಚಿಕ್ಕೀರಪ್ಪ ಒಂದೊಂದನ್ನೇ ಎತ್ತಿ ತೋರಿಸುತ್ತಾ, "ನಮ್ಮ ಕೋಳಿ ಇಟ್ಟಿದ್ದು! ನಮ್ಮ ಶೆಡ್ಡಲ್ಲಿ! ಮುಟ್ಟಿ ನೋಡಿ, ಇನ್ನೂ ಬಿಸಿ ಐತೆ!" ಎನ್ನುತ್ತಿದ್ದರು. ಮಕ್ಕಳ ಕೈಗೆ ಕೊಟ್ಟರು, ಮುದುಕಿಯರ ಕೈಗೆ ಕೊಟ್ಟರು. ಫಾರಂನವರು ಒಬ್ಬೊಬ್ಬರಾಗಿ ಹತ್ತಿರ ಬಂದು, ಮೊಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಹೆಂಗೆ ಮಾಡಿದ್ರಿ ಗೌಡ್ರೆ, ನಮಗೂ ಹೇಳಿ" ಎಂದು ಅವರನ್ನು ಸುತ್ತುವರಿದರು. ಅವರು ಎದೆಯುಬ್ಬಿಸಿ, ಹೊಟ್ಟು ಹೇಗೆ ಕೆದಕಬೇಕು, ಗುಳಿಗೆ ಹೇಗೆ ಬೆರೆಸಬೇಕು ಎಂದು ಹುಟ್ಟಿದಾಗಿನಿಂದ ಅದನ್ನೇ ಮಾಡಿಕೊಂಡು ಬಂದವರ ಹಾಗೆ ವಿವರಿಸತೊಡಗಿದರು.

ಜುಬೇದಕ್ಕ ಕುದಿಯುತ್ತಿದ್ದಳು. "ಕೇಳಿಸ್ಕೊಂಡೆಯೇನೇ? ನಿನ್ನ ಹೆಸರೂ ಇಲ್ಲ, ನನ್ನ ಹೆಸರೂ ಇಲ್ಲ! 'ನಮ್ಮ ಕೋಳಿ'ಯಂತೆ!"

ನನಗೆ ನಗು ತಡೆಯಲಾಗಲಿಲ್ಲ. ಬೀದಿಯುದ್ದಕ್ಕೂ ಕೈಯಿಂದ ಕೈಗೆ ಆ ಮೊಟ್ಟೆಗಳು ಹೋಗುತ್ತಿದ್ದವು. ನಾನು ಯಾವತ್ತೂ ಮಾತಾಡಿಸದ ಜನ, ಯಾವತ್ತೂ ನನ್ನನ್ನು ಮಾತಾಡಿಸದ ಜನ, ಎಲ್ಲರ ಅಂಗೈಯಲ್ಲೂ. ಫಾರಂನವರಲ್ಲಿ ಕೆಲವರು ಆಗಲೇ ಗುಂಪಿನಿಂದ ಕಳಚಿಕೊಂಡು, ಖಾಲಿ ಬುಟ್ಟಿ ಹಿಡಿದು, ಕೆರೆ ಏರಿಯ ದಾರಿ ಹಿಡಿದಿದ್ದರು.

"ಹೆಸರು ಆಮೇಲೆ ಹೇಳ್ಲಿ ಬಿಡಕ್ಕ" ಎಂದು ಅವಳ ಕೈ ಹಿಡಿದು ಎಳೆದೆ. "ಬಾ ಬೇಗ, ಭಟ್ಟಿ ಹಚ್ಚು. ಅವರು ನಮಗಿಂತ ಮುಂಚೆ ಹೋಗಿ ಬಾಗಿಲಲ್ಲಿ ನಿಂತಿರ್ತಾರೆ."